ನಾಯಕ ಯಾರು, ಅನುಯಾಯಿ ಯಾರು?

ಪೊಲೀಸ್ ಇಲಾಖೆಯಲ್ಲಿ 'ಅನುಯಾಯಿ' ಅಂತ ಒಂದು ಹುದ್ದೆ ಇದೆ. ಬಸವಣ್ಣನ ಅನುಯಾಯಿ, ಗಾಂಧಿಯ ಅನುಯಾಯಿ ಅಂದ ಹಾಗಲ್ಲ ಇದು. ಅಡುಗೆ ಮಾಡುವವನು, ಬಟ್ಟೆ ಒಗೆಯುವವನು, ಕ್ಷೌರ ಮಾಡುವವನು, ಕಸ ಗುಡಿಸುವವನು, ಇವರೆಲ್ಲ ಸರ್ಕಾರಿ ಕಡತದಲ್ಲಿ ಅನುಯಾಯಿಗಳು. ದಂಡಿನ ಹಿಂದೆ ಹೋಗಬೇಕಾದವರು ಅಂತ ಬ್ರಿಟಿಷರ ಕಾಲದಿಂದ ಬಂದ ಹೆಸರು. ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಊರಿನ ಜಾತಿಪಟ್ಟಿಯೇ ಇಲಾಖೆಯ ಹುದ್ದೆಪಟ್ಟಿಯಾಗಿ ಕೂತಿಲ್ಲವೆ?

1857ರ ದಂಗೆಯನ್ನು ಅಡಗಿಸಿದ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. ಆಳುವವರನ್ನು ಕಾಯೋದಕ್ಕೆ ಕಟ್ಟಿದ ಪಡೆ ಅದು. ಮೇಲೆ ದೊರೆ, ಕೆಳಗೆ ಪೇದೆ, ಅವನಿಗೂ ಕೆಳಗೆ ಅನುಯಾಯಿ. ದೊರೆ ಹೋದ, ಬಂಗಲೆ ಉಳಿಯಿತು. ಬಂಗಲೆಯ ಹಿತ್ತಿಲಲ್ಲಿ ಆರ್ಡರ್ಲಿ ಪೇದೆಯೂ ಉಳಿದ. ತಮಿಳುನಾಡು ಸರ್ಕಾರ 1979ರಲ್ಲೇ ಆರ್ಡರ್ಲಿ ಪದ್ಧತಿ ರದ್ದು ಅಂತ ಆದೇಶ ಹೊರಡಿಸಿತು. 43 ವರ್ಷ ಕಳೆದು, 2022ರಲ್ಲಿ, ಮದರಾಸು ಹೈಕೋರ್ಟು ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ಕಾಗದದ ಮೇಲೆ ಸತ್ತದ್ದು ಬಂಗಲೆಯಲ್ಲಿ ಬದುಕಿತ್ತು.

ಪೇದೆಯನ್ನು ಬಿಡಿಸಿ ಆ ಜಾಗಕ್ಕೆ ಖಾಕಿ ಇಲ್ಲದವನನ್ನು ಇಟ್ಟರೆ ಆಯ್ತಲ್ಲ ಅಂತಾರೆ. ಪೇದೆ ಠಾಣೆಗೆ ಬರ್ತಾನೆ, ಅದು ಲಾಭವೇ. ಆದರೆ ಅವಮಾನ ಅಳಿಯಲಿಲ್ಲ, ಒಂದು ಮೆಟ್ಟಿಲು ಕೆಳಗಿಳಿಯಿತು ಅಷ್ಟೆ. ಅಂಬೇಡ್ಕರರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ.

'ಬಡವನ ಸರ್ಕಾರಿ ಸಂಬಳಕ್ಕೆ ಕಲ್ಲು ಹಾಕ್ತೀರಾ?' ಅಂತ ಕೇಳಬಹುದು. ಇಲ್ಲ. ಸಂಬಳ ಇರಲಿ, ಹೆಚ್ಚಲಿ. ಪೊರಕೆ ಹಿಡಿಯೋದರಲ್ಲಿ ಅವಮಾನ ಇಲ್ಲ. ಠಾಣೆ ಗುಡಿಸೋದು ಜನರ ಕೆಲಸ, ಸಾಹೇಬರ ಮನೆ ಗುಡಿಸೋದು ಜೀತ.

ಇದು ಇಲಾಖೆಯ ಒಳಗಿನ ವಿಷಯ, ನಮಗೇನು ಅನ್ನಬೇಡಿ. ಕೇರಿಯ ಹೆಣ್ಣುಮಗಳು ದೂರು ಹೊತ್ತು ಬಂದರೆ ಅದನ್ನು ಬರೆದುಕೊಂಡು, ಓದಿ ಹೇಳಿ, ಒಂದು ಪ್ರತಿ ಪುಕ್ಕಟೆ ಕೊಡಬೇಕು ಅನ್ನುತ್ತೆ ಕಾನೂನು. ಬೇಕಂತಲೇ ಕರ್ತವ್ಯ ಮರೆತ ಮೇಲ್ಜಾತಿ ಅಧಿಕಾರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜೈಲೂ ಇದೆ. ಆದರೆ ಮನೆಯಲ್ಲಿ ಜೀತ ಇಟ್ಟುಕೊಂಡವನ ಕಿವಿಗೆ ಜೀತದವರ ದೂರು ಹೇಗೆ ಕೇಳಿಸೀತು? ಮೇಲಿನವನಿಂದ 'ಲೇ' ಅನ್ನಿಸಿಕೊಂಡ ಪೇದೆ ಆ ತಾಯಿಯನ್ನು 'ಅಮ್ಮಾ' ಅಂತ ಹೇಗೆ ಕರೆದಾನು?

ಲಾಠಿ ಇಲ್ಲದ ನೌಕರರನ್ನು ಹಿತ್ತಿಲಿಂದ ಠಾಣೆಯ ಮುಂಬಾಗಿಲಿಗೆ ತನ್ನಿ. ಕಲಿಸಿ, ಬಡ್ತಿ ಕೊಡಿ, ಬಂದವರ ಕಷ್ಟ ಕೇಳುವ ಜಾಗದಲ್ಲಿ ಕೂರಿಸಿ. ತನ್ನ ಷೂಸಿಗೆ ತಾನೇ ಪಾಲೀಷು ಹಾಕಿಕೊಳ್ಳಲಾರದವನು ಯಾವ ಪಡೆಗೂ ನಾಯಕನಲ್ಲ. ಭುಜದ ಮೇಲಿನ ನಕ್ಷತ್ರ ಎಣಿಸಿದ್ದು ಸಾಕು, ಅವನ ಮನೆಯ ಹಿತ್ತಿಲಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸೋಣ.