ಕೆರೆಯ ಕೆಳಗಿನ ದಾರಿ

ಬೆರಗಾಗಬೇಕಾದರೆ ಎತ್ತರಕ್ಕೆ ಹೋಗಬೇಕು ಎಂದು ನಮಗೆ ಯಾರು ಹೇಳಿಕೊಟ್ಟರೋ. ವಾರದ ಕೊನೆ ಬಂತೆಂದರೆ ನಡುರಾತ್ರಿಯಲ್ಲಿ ಸುದ್ದಗುಂಟೆಪಾಳ್ಯದ ಪಿಜಿಗಳ ಮುಂದೆ ಟೆಂಪೋ ಟ್ರಾವೆಲರ್ ಬಂದು ನಿಲ್ಲುತ್ತದೆ. ಹುಡುಗ ಹುಡುಗಿಯರು ಹಣೆಗೆ ಟಾರ್ಚು ಕಟ್ಟಿಕೊಂಡು ಸ್ಕಂದಗಿರಿಗೋ ಸಾವನದುರ್ಗಕ್ಕೋ ಹೊರಡುತ್ತಾರೆ. ಹೋಗಲಿ, ಹೋಗುವ ವಯಸ್ಸು. ಆದರೆ ಬೆಟ್ಟ ಹತ್ತುವವರ ಗಮನವೆಲ್ಲ ಮುಂದಿನ ಕಾಲು ಎಲ್ಲಿಡಲಿ ಎನ್ನುವುದರಲ್ಲೇ ಸವೆದುಹೋಗುತ್ತದೆ. ಉಸಿರು ಸಲೀಸಾಗಿದ್ದರಷ್ಟೇ ಕಣ್ಣು ಅತ್ತಿತ್ತ ಅಲೆದೀತು. ಬದುವಿನ ಮೇಲೆ ಒಂದಷ್ಟು ದೂರ, ತೋಪಿನ ನೆರಳಲ್ಲಿ ಒಂದಷ್ಟು ದೂರ, ಹಳೇ ಗುಡಿಯೊಂದನ್ನು ಬಳಸಿಕೊಂಡು ಹೋಗುವ ಸಪಾಟು ನಡಿಗೆಯನ್ನು ಯಾರೂ ಸಾಹಸ ಅನ್ನುವುದಿಲ್ಲ. ನನಗೆ ಹಿಡಿಸುವುದು ಅದೇ.

ಅಂಥ ದಾರಿ ಸುದ್ದಗುಂಟೆಪಾಳ್ಯದಲ್ಲೇ ಇದೆ ಅಂದರೆ ಅಲ್ಲಿನವರೇ ನಕ್ಕಾರು. ಒಂದು ಕಡೆ ಕ್ರೈಸ್ಟ್ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಡೇರಿ ಸರ್ಕಲ್ಲಿನ ಗಲಾಟೆ, ನಡುವೆ ಶವರ್ಮ, ಜೆರಾಕ್ಸ್, ‘ರೂಮು ಬಾಡಿಗೆಗಿದೆ’ ಬೋರ್ಡುಗಳು. ಹೊಲ ಎಲ್ಲಿದೆ ಸ್ವಾಮಿ? ಹೊಲ ಇಲ್ಲ, ಅದರ ಆಕಾರ ಇದೆ. ಪಕ್ಕದ ಬಿಟಿಎಂ ಲೇಔಟಿನ ಮೇನು, ಕ್ರಾಸುಗಳು ಸ್ಕೇಲು ಹಿಡಿದು ಗೆರೆ ಎಳೆದಂತಿವೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರಕ್ಷರಕ್ಕೆ ಇಳಿಸಿದ ಬಡಾವಣೆ ಅದು. ಈ ಕಡೆಯ ಹಳೇ ಊರುಗಳ ಓಣಿಗಳು ಹಾಗಲ್ಲ. ಕಾರಣವೇ ಇಲ್ಲದೆ ಬಾಗುತ್ತವೆ, ಇದ್ದಕ್ಕಿದ್ದಂತೆ ಸಣ್ಣಗಾಗುತ್ತವೆ. ಕಾರಣ ಇಲ್ಲದೆ ಏನಿಲ್ಲ. ಬದು ತಿರುಗಿದ ಕಡೆ ಬಂಡಿ ತಿರುಗಿತು, ಬಂಡಿ ತಿರುಗಿದ ಕಡೆ ಟಾರು ತಿರುಗಿತು, ಈಗ ಊಟ ತರುವ ಹುಡುಗನ ಸ್ಕೂಟರೂ ಅಲ್ಲೇ ತಿರುಗುತ್ತದೆ. ಯಾವನೋ ರೈತ ತನ್ನ ಪಾಲಿನ ನೆಲದ ಅಂಚನ್ನು ಎಲ್ಲಿಗೆ ನಿಲ್ಲಿಸಿದನೋ ಅಲ್ಲಿಗೆ ಸರಿಯಾಗಿ ಇವತ್ತು ಹ್ಯಾಂಡಲ್ ವಾಲುತ್ತದೆ.

ಕಂದಾಯ ಇಲಾಖೆಯ ಗ್ರಾಮ ನಕಾಶೆಗಳನ್ನು ಬಿಡಿಸಿ ನೋಡಿದವರಿಗೆ ಈ ಬಾಗುಗಳ ಗುಟ್ಟು ಗೊತ್ತಿರುತ್ತದೆ. ಒಂಟಿ ಚುಕ್ಕೆಯ ಸಾಲು ಕಾಲುದಾರಿ, ಜೋಡಿ ಚುಕ್ಕೆಯ ಸಾಲು ಬಂಡಿದಾರಿ. ಸರ್ವೆ ನಂಬರುಗಳ ನಡುವೆ ಆ ಚುಕ್ಕೆಗಳು ಇರುವೆ ಸಾಲಿನಂತೆ ಊರಿಂದ ಊರಿಗೆ ಹೊರಟಿರುತ್ತವೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ರೈತರ ಹೊಲದ ನಡುವೆಯೇ ಹಾಯುವ ಇಂಥ ದಾರಿಗಳು ಎರಡು ಲಕ್ಷ ಕಿಲೋಮೀಟರಿಗೂ ಮಿಕ್ಕಿವೆ. ಅಲ್ಲಿ ನಡೆಯುವುದು ಯಾರ ದಯೆಯೂ ಅಲ್ಲ, ಕಾನೂನು ಕೊಟ್ಟ ಹಕ್ಕು. ನಮ್ಮ ಚುಕ್ಕೆಗಳಿಗೂ ಸರ್ಕಾರಿ ದಾಖಲೆಯ ಗೌರವವಿದೆ, ನಿಜ. ಸೈಟಿನ ಬೆಲೆ ಏರಿದ ದಿನ ಮಾತ್ರ ಅವು ಚುಕ್ಕೆ ಚುಕ್ಕೆಯಾಗಿಯೇ ಮಾಯವಾಗುತ್ತವೆ. ಇದನ್ನು ಬೆಳೆಸುತ್ತ ಹೋದರೆ ಬರೀ ಗೊಣಗಾಟವಾದೀತು. ನಡೆಯೋಣ.

ಸುದ್ದಗುಂಟೆಪಾಳ್ಯದಿಂದ ತಾವರೆಕೆರೆ ಮುಖ್ಯರಸ್ತೆ ಹಿಡಿದು ತೆಂಕಣಕ್ಕೆ, ಸ್ವಲ್ಪ ಮೂಡಲಕ್ಕೆ ನಡೆದರೆ ಮಡಿವಾಳದ ಸೋಮೇಶ್ವರ ಗುಡಿ. ಅರ್ಧ, ಮುಕ್ಕಾಲು ಗಂಟೆಯ ದಾರಿ. ಮಂಡಿ ನೋವಿನವರೂ ನಡೆದಾರು. ಮಾರುಕಟ್ಟೆಯ ಸಂದಣಿಯ ಹತ್ತಿರದಲ್ಲೇ ಇರುವ ಈ ಗುಡಿ ಚೋಳರ ಕಾಲದ್ದು. ಅದರ ಹೊರಮೈಯ ಕಲ್ಲುಗಳಲ್ಲಿ ತಮಿಳು ಶಾಸನಗಳಿವೆ. 1247ರ ಒಂದು ಶಾಸನದಲ್ಲಿ ಬೇಗೂರಿನವನೊಬ್ಬ ‘ವೆಂಗಳೂರಿನ ದೊಡ್ಡ ಕೆರೆಯ ಕೆಳಗೆ’ ನೆಲ ದಾನ ಕೊಟ್ಟ ಸಂಗತಿ ಇದೆ. ಇನ್ನೊಂದು ಶಾಸನ ತಾಮರೈಕ್ಕಿರೈಯ ನೆಲದ ದಾನವನ್ನು ಹೇಳುತ್ತದೆ. ಅಂದರೆ ತಾವರೆಕೆರೆ, ನಾವು ಈಗಷ್ಟೇ ಬಸ್ಸಿನ ಹೊಗೆ ಕುಡಿಯುತ್ತ ದಾಟಿ ಬಂದ ಜಾಗ. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ. ಅದಕ್ಕೆ 290 ವರ್ಷ ಮೊದಲೇ ಇಲ್ಲೊಂದು ದೊಡ್ಡ ಕೆರೆ ತುಂಬಿತ್ತು, ಅದರ ಕೆಳಗೆ ಉಳುವ ನೆಲವಿತ್ತು, ಅದನ್ನು ದೇವರಿಗೆ ಬರೆದುಕೊಡುವಷ್ಟು ಅನುಕೂಲಸ್ಥರೂ ಇದ್ದರು.

ಈ ಕಲ್ಲಿನ ಮುಂದೆ ನಿಂತಾಗಲೆಲ್ಲ ನನ್ನನ್ನು ಒಂದು ವಿಷಯ ಕಾಡುತ್ತದೆ. ಬರೆದವನಿಗೆ ಬೆರಗುಪಡಿಸುವ ಆಸೆಯೇ ಇರಲಿಲ್ಲ. ಯಾವ ನೆಲ, ಯಾವ ಕೆರೆಯ ಕೆಳಗೆ, ಕೊಟ್ಟವನು ಯಾವ ಊರಿನವನು, ಅಷ್ಟು ದಾಖಲಾದರೆ ಅವನ ಕೆಲಸ ಮುಗಿಯಿತು. ಇಂದಿನ ಪಹಣಿ ಬರೆಯುವವರ ಮನಸ್ಸೂ ಅದೇ. ಅರಮನೆಯ ಹೊಗಳುಭಟರು ತುಂಬ ಕಷ್ಟಪಟ್ಟು ಕಟ್ಟಿದ ವರ್ಣನೆಗಳನ್ನು ಓದುವಾಗ ನನಗೆ ಆಕಳಿಕೆ ಬಂದದ್ದುಂಟು. ಈ ಲೆಕ್ಕದ ಸಾಲುಗಳ ಮುಂದೆ ಮಾತ್ರ ಮೈ ಜುಮ್ಮೆನ್ನುತ್ತದೆ. ಸುಳ್ಳು ಹೇಳಲು ಕಾರಣವೇ ಇಲ್ಲದ ಮಾತಿಗೆ ಬಹುಶಃ ಆ ಬಲ ಇರುತ್ತದೆ. ಬೇಗೂರಿನ ವೀರಗಲ್ಲಿನದೂ ಅದೇ ಕತೆ. ಗಂಗರ ಕಾಲದ ಆ ಕಲ್ಲು ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನನ್ನು ನೆನೆಯುತ್ತದೆ. ಅದು ಒಂಬತ್ತನೆಯ ಶತಮಾನದ ಕೊನೆಯ ಮಾತು. ಒಂದು ಮಹಾನಗರದ ಹೆಸರು ಮೊದಲು ಕಾಣಿಸಿಕೊಳ್ಳುವ ಕಲ್ಲುಗಳಲ್ಲಿ ಅದೂ ಒಂದು. ಬರೆಸಿದವರಿಗೆ ಬೇಕಾಗಿದ್ದದ್ದು ಆ ಸಾವಿನ ನೆನಪಷ್ಟೇ. ಈ ಭಾಗದ ಶಾಸನಗಳನ್ನು ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಅಚ್ಚು ಹಾಕಿಸಿದರು. ಅದಿಲ್ಲದಿದ್ದರೆ ನಾವು ಗುಡಿಗೆ ಬಂದು ಕೈಮುಗಿದು, ಕಲ್ಲಿನ ಗೀಚುಗಳನ್ನು ಕಣ್ಣೆತ್ತಿಯೂ ನೋಡದೆ ತರಕಾರಿ ಕೊಂಡು ಮನೆಗೆ ಹೋಗುತ್ತಿದ್ದೆವು.

ಇನ್ನು ಕೆರೆಯ ಕೆಳಗೆ ಅಂದರೆ ಏನು ಎಂಬುದು. ಬಯಲುಸೀಮೆಯ ಊರಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿಯ ಆಚೆ ನೀರು, ಈಚೆ ತೂಬು, ತೂಬಿನ ಕೆಳಗೆ ಅಚ್ಚುಕಟ್ಟು. ಅಚ್ಚುಕಟ್ಟಿನದು ಗದ್ದೆ, ತರಿ ಜಮೀನು, ಭತ್ತಕ್ಕೆ. ಏರಿಯಿಂದ ಮೇಲಕ್ಕಿರುವುದು ಹೊಲ, ಖುಷ್ಕಿ, ರಾಗಿಗೆ. ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ. ಹೆಚ್ಚುವರಿ ನೀರು ಕೋಡಿ ಬಿದ್ದು ಮುಂದಿನ ಊರಿನ ಕೆರೆಗೆ. ಒಂದು ಊರಿನಿಂದ ಇನ್ನೊಂದು ಊರಿಗೆ ನಡೆಯುವವನು ಹೊಲ ದಾಟಿ, ಏರಿ ಏರಿ, ಗದ್ದೆಯ ಬದು ಹಿಡಿದು, ಗುಂಡುತೋಪಿನ ಹೊಂಗೆ ಹಿಪ್ಪೆಗಳ ಕೆಳಗೆ ಒಂದು ಗಳಿಗೆ ಕೂತು ಮತ್ತೆ ಹೊಲಕ್ಕೆ ಹತ್ತುತ್ತಿದ್ದ. ಹತ್ತಿದ್ದೂ ಇಳಿದದ್ದೂ ಅವನಿಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ, ಅಷ್ಟು ನವಿರಾದ ಇಳಿಜಾರು.

ಅದೇ ಇಳಿಜಾರು ಈಗಲೂ ಇದೆ. ಅದನ್ನು ಡಾಂಬರು ಮುಚ್ಚಿದೆ, ಅಳಿಸಿಲ್ಲ. ಸೈಕಲ್ ತುಳಿಯುವವರಿಗೆ ಅದು ತೊಡೆಯಲ್ಲಿ ಗೊತ್ತಾಗುತ್ತದೆ, ನಡೆಯುವವರಿಗೆ ಮಳೆ ಬಂದಾಗ. ಜೋರು ಮಳೆಯಲ್ಲಿ ಸುದ್ದಗುಂಟೆಪಾಳ್ಯದ ರಸ್ತೆಯ ಅಂಚಿನಲ್ಲಿ ಓಡುವ ನೀರಿಗೆ ಯಾವ ಕಡೆಗೆ ಹೋಗಬೇಕು ಎಂಬ ಅನುಮಾನವೇ ಇಲ್ಲ. ಅದು ಕೋರಮಂಗಲದ ಕಣಿವೆಗಿಳಿದು, ರಾಜಕಾಲುವೆ ಹಿಡಿದು ಬೆಳ್ಳಂದೂರು, ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ ಸೇರಿ ಕೊನೆಗೆ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಪಡುವಣಕ್ಕೆ ಕೆಲವೇ ಕಿಲೋಮೀಟರು ದೂರದ ಬಸವನಗುಡಿಯ ದೊಡ್ಡ ಬಸವಣ್ಣನ ಗುಡ್ಡದಲ್ಲಿ ಬಿದ್ದ ಮಳೆಯ ಪಾಡೇ ಬೇರೆ. ಅದಕ್ಕೆ ವೃಷಭಾವತಿ, ಅರ್ಕಾವತಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿ. ಒಂದೇ ಮೋಡದ ಎರಡು ಹನಿಗಳಿಗೆ ದಕ್ಷಿಣ ಬೆಂಗಳೂರಿನ ಯಾವುದೋ ದಿಣ್ಣೆಯ ಮೇಲೆ ದಾರಿ ಕವಲಾಗುತ್ತದೆ. ಆ ದಿಣ್ಣೆಯನ್ನು ನಾವು ಆಟೋದಲ್ಲಿ ದಿನಾ ದಾಟುತ್ತೇವೆ, ಮೀಟರಿನ ಮೇಲೆ ಕಣ್ಣಿಟ್ಟು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರು ಎತ್ತರದ ಮೇಲೇ ಮನೆ ಮಾಡಿಕೊಂಡು ಇನ್ನೊಂದು ಬೆಟ್ಟ ಹುಡುಕುವುದು ವಿಚಿತ್ರ.

ಮರ ಬೇಕೆನ್ನುವವರು ಗುಡಿಯ ಕಡೆಗೆ ಬರುವ ಬದಲು ಬಡಗಣ ಪಡುವಣಕ್ಕೆ ತಿರುಗಿ ಲಾಲ್‌ಬಾಗಿಗೆ ನಡೆಯಬಹುದು. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ, ಈಗ 240 ಎಕರೆ. ಅದನ್ನು ಕಾಡು ಅನ್ನಲಾಗದು. ಆದರೂ ಅಲ್ಲಿನ ಬಂಡೆಯ ಮೇಲೆ ಕೂತರೆ ಕಾಡಿನ ಕೊರತೆ ಅಷ್ಟಾಗಿ ಕಾಣದು. 300 ಕೋಟಿ ವರ್ಷದ ಶಿಲೆ. ಅದರ ಮುಂದೆ 1247 ನಿನ್ನೆ ಸಂಜೆ. ಅಷ್ಟು ದೊಡ್ಡ ಸಂಖ್ಯೆಯ ಮುಂದೆ ನನಗೆ ಯಾಕೋ ಬೆರಗು ಹತ್ತುವುದೇ ಇಲ್ಲ, ಕೈಗೆ ಸಿಗದ ಲೆಕ್ಕವದು. ಏಳುನೂರು ಎಂಟುನೂರು ವರ್ಷವಾದರೆ ಅಜ್ಜ, ಮುತ್ತಜ್ಜ ಎಂದು ಎಣಿಸುತ್ತ ಹೋಗಿ ಮುಟ್ಟಬಹುದು. ಹಾಗಾಗಿ ನನ್ನ ಮತ ಮಡಿವಾಳಕ್ಕೇ.

ಗುಡಿಯಿಂದ ಮುಂದೆ ಮಡಿವಾಳ ಕೆರೆಯವರೆಗೂ ಹೋಗಬಹುದು. ಅಲ್ಲಿ ಏರಿ ಇದೆ, ನೀರಿದೆ, ನೀರಿನ ಮೇಲೆ ಹೆಜ್ಜಾರ್ಲೆಗಳಿವೆ. ಇಲ್ಲದ್ದು ಅಚ್ಚುಕಟ್ಟು ಒಂದೇ. ತೂಬಿನ ನೀರಿಗೆ ಕಾಯುತ್ತಿದ್ದ ನೆಲದಲ್ಲಿ ಈಗ ಮನೆಗಳು ಟ್ಯಾಂಕರಿಗೆ ಕಾಯುತ್ತವೆ. ಗುಡಿಯಲ್ಲಿ ಮಾತ್ರ ಪೂಜೆ ನಿಂತಿಲ್ಲ. ಕೊಟ್ಟ ನೆಲ ಎಲ್ಲಿ ಹೋಯಿತೋ, ಯಾಕಾಗಿ ಕೊಟ್ಟರೋ ಅದು ಮಾತ್ರ ನಡೆದುಕೊಂಡು ಬಂದಿದೆ. ದತ್ತಿ ಕೊಡುವವರು ಆಚಂದ್ರಾರ್ಕ ಎಂದು ಬರೆಸುವುದು ವಾಡಿಕೆ. ಭೂಮಿಗೂ ಭಕ್ತಿಗೂ ಆಯುಸ್ಸು ಬೇರೆ ಬೇರೆ ಇರಬಹುದೆಂದು ಅವರಿಗೆ ತೋಚಿರಲಾರದು. ಸಾಮಾನ್ಯವಾಗಿ ಭೂಮಿಯೇ ಉಳಿಯುತ್ತದೆ, ನಂಬಿಕೆ ಕೆಡುತ್ತದೆ. ಇಲ್ಲಿ ತಿರುಗುಮುರುಗಾಗಿದೆ.

ನೆಲ ಕೊಟ್ಟ ಆ ಬೇಗೂರಿನವನ ಬಗ್ಗೆ ನನಗೆ ಇನ್ನೂ ಒಂದು ಕುತೂಹಲ ಉಳಿದಿದೆ. ಅವನು ತನ್ನ ಊರಿನಿಂದ ಇಲ್ಲಿಗೆ ಯಾವ ದಾರಿಯಲ್ಲಿ ಬರುತ್ತಿದ್ದ? ಬಂಡಿ ಕಟ್ಟಿಸಿಕೊಂಡೋ, ನಡೆದೋ? ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟ ದಿನಗಳಲ್ಲಿ ಬಂದಿದ್ದರೆ ಬೆಳಗಿನ ಹೊತ್ತಿನ ಒಳ್ಳೆಯ ನಡಿಗೆಯೇ ಆಗಿರಬೇಕು. ಎಲ್ಲೂ ಏದುಸಿರು ಬಿಟ್ಟಿರಲಾರ, ದಾರಿ ಪೂರ್ತಿ ಹೊಲ, ಕೆರೆ, ತೋಪು. ಈ ಸಲ ಅವರೆ ಸುಗ್ಗಿ ಬಂದಾಗ ಬೇಗೂರಿನ ನಾಗೇಶ್ವರ ಗುಡಿಯಿಂದ ಹೊರಟು ಮಡಿವಾಳದವರೆಗೆ ಅವನ ದಿಕ್ಕಿನಲ್ಲೇ ನಡೆದು ನೋಡೋಣ ಅಂತಿದ್ದೇನೆ. ಬೊಮ್ಮನಹಳ್ಳಿ ಜಂಕ್ಷನ್ ದಾಟುವುದೊಂದು ಬಿಟ್ಟರೆ ಉಳಿದದ್ದೆಲ್ಲ ಸಲೀಸು.