ಬೆರಕೆ ಸೊಪ್ಪು, ಅಜ್ಜಿಯ ತಟ್ಟೆ

ಮೂರು ವರ್ಷಗಳ ಹಿಂದೆ ನನ್ನ ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು, "ಅನ್ನ ಕಡಿಮೆ ಮಾಡಿ. ರಾಗಿ, ಕಾಳು, ಸೊಪ್ಪು ಹೆಚ್ಚು ತಿನ್ನಿ. ನಮ್ಮ ಹಿರಿಯರ ಊಟವೇ ಊಟ" ಎಂದರು. ನಾನು ತಲೆಯಾಡಿಸಿ ಹೊರಬಂದೆ. ಅವರು ಚೀಟಿಯಲ್ಲಿ ಬರೆದುಕೊಟ್ಟ ಊಟವನ್ನೇ ಉಂಡು ಬೆಳೆದವನು ನಾನು. ಅದರಿಂದ ಪಾರಾಗಬೇಕೆಂಬ ಹಟದಲ್ಲೇ ಓದಿ ಕೆಲಸ ಹಿಡಿದವನೂ ಹೌದು.

ನನ್ನ ತಾಯಿಯ ತವರು ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ. ಬಾಬಾಬುಡನ್‌ಗಿರಿಯ ಆ ಮಗ್ಗುಲಿಗೆ ಮಳೆ ಸುರಿಯುತ್ತದೆ, ಈ ಮಗ್ಗುಲಿನ ಬಯಲು ಬಾಯಿ ಬಿಟ್ಟುಕೊಂಡು ಕಾಯುತ್ತದೆ. ಗಿರಿಯ ನೀರು ಇಳಿದು ಸೇರುವ ಮದಗದ ಕೆರೆ ಹತ್ತಿರದಲ್ಲೇ ಇದ್ದರೂ, ಕೆರೆಯ ಕೆಳಗೆ ಗದ್ದೆ ಇದ್ದವರಿಗೆ ಅನ್ನ, ಬೆದ್ದಲಿನವರಿಗೆ ಮುದ್ದೆ. ನಮ್ಮ ಅಜ್ಜಿಯದು ಬೆದ್ದಲಿನ ಮನೆ. ಮುಸ್ಲಿಮರೆಂದರೆ ದಿನವೂ ಬಿರಿಯಾನಿ ಉಣ್ಣುವವರೆಂದು ನಂಬಿದ ಗೆಳೆಯರು ನನಗೆ ಈಗಲೂ ಇದ್ದಾರೆ. ಮಾಂಸ ನಮ್ಮ ಮನೆಗೆ ಬರುತ್ತಿದ್ದುದು ಬಕ್ರೀದಿಗೆ, ಮದುವೆಗೆ, ಬಾಣಂತಿಯ ಆರೈಕೆಗೆ. ಉಳಿದ ದಿನಗಳಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಬೆರಕೆ ಸೊಪ್ಪು, ನೀರು ಮಜ್ಜಿಗೆ. ಮನೆಮಾತು ದಖನಿ ಉರ್ದು. ಸೊಪ್ಪಿನ ಹೆಸರುಗಳು ಮಾತ್ರ ಕನ್ನಡದವೇ. ಅಣ್ಣೆ, ಗೋಣಿ, ದಂಟು, ಹೊನಗೊನ್ನೆ. ಅಜ್ಜಿಗೆ ಅವುಗಳ ಉರ್ದು ಹೆಸರು ಬೇಕಾಗಿಯೇ ಇರಲಿಲ್ಲ. ಹೊಲದಲ್ಲಿ ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದವರಿಂದ ಸೊಪ್ಪಿನ ಜೊತೆಗೇ ಹೆಸರನ್ನೂ ಕಲಿತಿದ್ದಳು.

ಆ ಊಟದಲ್ಲಿ ಏನಿತ್ತು ಎಂಬುದನ್ನು ಈಗ ಪುಸ್ತಕಗಳು ಹೇಳುತ್ತವೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಹುರುಳಿಯಲ್ಲಿ ಅದು ಧಾರಾಳ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸೊಪ್ಪಿನ ನಾರು ಅನ್ನಾಂಶವನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ. ಆದರೆ ರಾಗಿ ಮಂತ್ರದ ಧಾನ್ಯವೇನಲ್ಲ. ಅದರಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆಯನ್ನು ತಿಳಿಸಾರಿನಲ್ಲಿ ನುಂಗಿ, ಸಕ್ಕರೆ ಇಳಿಯಲಿಲ್ಲವೆಂದು ರಾಗಿಯನ್ನು ಬೈಯುವವರನ್ನು ಕಂಡಿದ್ದೇನೆ. ಗುಣ ಇದ್ದುದು ಒಂದು ಧಾನ್ಯದಲ್ಲಲ್ಲ, ಇಡೀ ತಟ್ಟೆಯಲ್ಲಿ. ತಟ್ಟೆ ಹಾಗಿದ್ದುದು ಹೊಲ ಹಾಗಿದ್ದುದರಿಂದ. ರಾಗಿಯ ನಡುವೆ ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಸಾಲುಗಳ ಸಂದಿಯಲ್ಲಿ ಯಾರೂ ಬಿತ್ತದ ಸೊಪ್ಪು. ರೈತನಿಗೆ ಕಳೆಯಾದದ್ದು ಅಜ್ಜಿಯ ಮಡಿಲಿನಲ್ಲಿ ಸಾರಾಗುತ್ತಿತ್ತು.

ಇಷ್ಟು ಒಳ್ಳೆಯ ಊಟದ ಬಗ್ಗೆ ನಮಗೆ ಇದ್ದುದು ನಾಚಿಕೆ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಪೇಟೆಯ ಗೆಳೆಯನೊಬ್ಬನನ್ನು ಎಮ್ಮೆದೊಡ್ಡಿಗೆ ಕರೆದೊಯ್ದಿದ್ದೆ. ಅಜ್ಜಿ ಆಗಷ್ಟೇ ಮುದ್ದೆ ತೊಳೆಸಿ ಇಟ್ಟಿದ್ದಳು. ನಾನು ಅವಳನ್ನು ಒಳಗೆ ಕರೆದು, ಮೆಹಮಾನನಿಗೆ ಇದನ್ನು ಇಟ್ಟರೆ ನನ್ನ ಇಜ್ಜತ್ ಹೋಗುತ್ತದೆ ಎಂದೆ. ಅವಳು ಏನೂ ಹೇಳಲಿಲ್ಲ. ಸೆರಗು ಹೊದ್ದುಕೊಂಡು ಹೋಗಿ ಅಂಗಡಿಯಲ್ಲಿ ಸಾಲ ಹೇಳಿ ಎರಡು ಸೇರು ಅಕ್ಕಿ ತಂದಳು. ಗೆಳೆಯ ಅನ್ನ ಉಂಡ. ಒಲೆಯ ಪಕ್ಕ ಮುಚ್ಚಿಟ್ಟಿದ್ದ ಸೊಪ್ಪಿನ ಸಾರಿನ ವಾಸನೆ ಹಿಡಿದು, ಅದೇನೆಂದು ಕೇಳಿದ. ದನಕ್ಕೆ ಬೇಯಿಸಿದ್ದು ಎಂದೆ. ಅಜ್ಜಿ ಅಲ್ಲೇ ನಿಂತಿದ್ದಳು.

ಮದೀನಾದ ದರ್ಜಿಯೊಬ್ಬರು ಪ್ರವಾದಿಯವರನ್ನು ಊಟಕ್ಕೆ ಕರೆದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಬಡಿಸಿದ್ದು ಜವೆಗೋಧಿಯ ರೊಟ್ಟಿ, ಸೋರೆಕಾಯಿ ಮತ್ತು ಒಣಮಾಂಸದ ಸಾರು. ಪ್ರವಾದಿಯವರು ತಟ್ಟೆಯಲ್ಲಿ ಸೋರೆಕಾಯಿಯ ಹೋಳುಗಳನ್ನೇ ಹುಡುಕುತ್ತಿದ್ದರೆಂದು ಜೊತೆಗಿದ್ದ ಅನಸ್ ಹೇಳುತ್ತಾರೆ. ಮದ್ರಸಾದಲ್ಲಿ ಇದನ್ನು ಕೇಳಿದಾಗ ಸೋರೆಕಾಯಿಯ ಮಹಿಮೆ ಎಂದುಕೊಂಡಿದ್ದೆ. ಈಗ ನನ್ನ ಮನಸ್ಸು ನಿಲ್ಲುವುದು ಆ ದರ್ಜಿಯ ಮೇಲೆ. ಅಷ್ಟು ದೊಡ್ಡ ಅತಿಥಿಯ ಮುಂದೆ ತನ್ನ ಮನೆಯಲ್ಲಿದ್ದುದನ್ನು ಇಡುವ ಧೈರ್ಯ ಅವರಿಗಿತ್ತು, ನನಗಿರಲಿಲ್ಲ.

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ಜಗಳವಾಗಿ, ಎರಡೂ ಆರು ತಿಂಗಳು ಸೆರೆಯಲ್ಲಿದ್ದು, ಕೆಡದೆ ಉಳಿದ ರಾಗಿಯನ್ನು ರಾಮ ಮೆಚ್ಚುತ್ತಾನೆ. ನಮ್ಮ ಕಾಲದಲ್ಲಿ ಆ ತೀರ್ಪನ್ನು ವೈದ್ಯರೂ ಸರ್ಕಾರಗಳೂ ಕೊಡುತ್ತಿದ್ದಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಸಿರಿಧಾನ್ಯದ ಮಾತನ್ನು ಮನೆಮನೆಗೆ ಒಯ್ದ ಮೈಸೂರಿನ ಡಾ. ಖಾದರ್ ಅವರಿಗೆ ಅದೇ ವರ್ಷ ಪದ್ಮಶ್ರೀ ಬಂತು. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್ ಅಧ್ಯಯನ ಅಂದಾಜು ಮಾಡಿದ್ದೂ ಆ ವರ್ಷವೇ. ರಾಗಿಗೆ ಮರ್ಯಾದೆ ಸಿಗಬೇಕಾದರೆ ಯಾವಾಗಲೂ ಮೇಲಿನವರೊಬ್ಬರು ಹೇಳಬೇಕು. ಉಂಡು ಬದುಕಿದವರ ಸಾಕ್ಷಿ ಯಾವ ಆಸ್ಥಾನದಲ್ಲೂ ಸಾಲದು.

ಹಾಗಂತ ಹಳೆಯ ಊಟವನ್ನು ಹೊಗಳುವವರ ಗುಂಪಿಗೆ ಕಣ್ಣುಮುಚ್ಚಿ ಸೇರಲು ನನ್ನಿಂದಾಗದು. ಅಡ್ಡ ಬರುವುದು ಅಜ್ಜಿಯ ತಟ್ಟೆ. ಗಂಡಸರು ಉಂಡ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ಸೊಸೆಯಂದಿರು, ಕೊನೆಗೆ ಅವಳು. ಅಷ್ಟು ಹೊತ್ತಿಗೆ ಕಾಳು ಮೇಲಿನವರ ಪಾಲಾಗಿ, ತಳದಲ್ಲಿ ಕಟ್ಟು ಉಳಿದಿರುತ್ತಿತ್ತು. ಗಿರಣಿ ಬರುವ ಮುಂಚೆ ನಸುಕಿನಲ್ಲಿ ಎದ್ದು ಬೀಸುಕಲ್ಲು ತಿರುಗಿಸಿದವಳು, ಬಿಸಿಲಿನಲ್ಲಿ ಬಗ್ಗಿ ಸೊಪ್ಪು ಆಯ್ದವಳು ಅವಳೇ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ರಾಗಿಯಲ್ಲೂ ಸೊಪ್ಪಿನಲ್ಲೂ ಕಬ್ಬಿಣವಿದೆ, ನಿಜ. ಆದರೆ ಅವುಗಳಲ್ಲಿರುವ ಫೈಟೇಟ್, ಟ್ಯಾನಿನ್‌ಗಳು ಅದನ್ನು ಮೈಗೆ ಹತ್ತಲು ಸುಲಭವಾಗಿ ಬಿಡುವುದಿಲ್ಲ. ಮೊಳಕೆ ಕಟ್ಟಬೇಕು, ನಿಂಬೆ ಹಿಂಡಬೇಕು, ಆಗಾಗ ಒಂದು ತುಂಡು ಮಾಂಸವೋ ಮೀನೋ ಸಿಕ್ಕರೆ ಇನ್ನೂ ಒಳ್ಳೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ನಾವು ಹೊಗಳುತ್ತಿರುವ ಸಾಂಪ್ರದಾಯಿಕ ಊಟದಲ್ಲಿ ಯಾರಿಗೆ ಎಷ್ಟು ಬಡಿಸುತ್ತಿದ್ದರು ಎಂದು ಕೇಳದೆ ಅದರ ಆರೋಗ್ಯದ ಮಾತಾಡುವುದು ಹೇಗೆ?

2013ರಲ್ಲಿ ಅನ್ನಭಾಗ್ಯ ಬಂದು ಕಿಲೋಗೆ ಒಂದು ರೂಪಾಯಿಗೆ ಅಕ್ಕಿ ಸಿಕ್ಕಿದಾಗ ಊರಿನ ಹೆಂಗಸರು ಪಟ್ಟ ಸಂತೋಷ ನೆನಪಿದೆ. ಬಡವರು ಅಕ್ಕಿ ತಿಂದು ಸೋಮಾರಿಗಳಾಗುತ್ತಾರೆ, ರೋಗಿಗಳಾಗುತ್ತಾರೆ ಎಂದು ಪೇಟೆಯ ಹೊಟ್ಟೆ ತುಂಬಿದವರು ಆಗ ಬುದ್ಧಿ ಹೇಳಿದರು. ಅವರ ಮನೆಯಲ್ಲಿ ಎಷ್ಟು ತಲೆಮಾರಿನಿಂದ ಅಕ್ಕಿ ಬೇಯುತ್ತಿತ್ತೋ! ಹಸಿವಿನ ಭಯ ಹೋಗಬೇಕಾದ್ದು ಮೊದಲು. ಏನು ತಿನ್ನಬೇಕೆಂಬ ಆಯ್ಕೆ ಆಮೇಲಿನ ಮಾತು. ಗತಿಯಿಲ್ಲದೆ ಉಂಡ ಮುದ್ದೆ ಮತ್ತು ವೈದ್ಯರ ಸಲಹೆಯಂತೆ ನಾನು ಉಣ್ಣುವ ಮುದ್ದೆ ಒಂದೇ ಹಿಟ್ಟಿನದಾದರೂ ಒಂದೇ ಊಟವಲ್ಲ.

ಇನ್ನೊಂದು ಗೊಂದಲವೂ ಇದೆ. ಸೊಪ್ಪು-ಕಾಳು ಹೆಚ್ಚಿರುವ ಊಟ ಎಂದ ಕೂಡಲೇ ಕೆಲವರು ಅದನ್ನು ಶುದ್ಧ ಸಸ್ಯಾಹಾರ ಎಂದು ತಿದ್ದಿಬಿಡುತ್ತಾರೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ನಮ್ಮ ಹಳ್ಳಿಗಳ ಊಟ ವ್ರತವಾಗಿರಲಿಲ್ಲ. ಮಳೆ ಬಿದ್ದಾಗ ಕೆರೆಯ ಮೀನು ಬರುತ್ತಿತ್ತು, ಹಟ್ಟಿಯಲ್ಲಿ ಕೋಳಿ ಇತ್ತು, ಎಮ್ಮೆಯ ಮಜ್ಜಿಗೆ ಇತ್ತು. ಸೊಪ್ಪಿನಲ್ಲಿ ಬಾರದ ಬಿ-12 ಹೀಗೆ ಅಷ್ಟಿಷ್ಟು ಸಿಗುತ್ತಿತ್ತು. ತಿನ್ನದವರು ತಿನ್ನದಿರಲಿ, ಅದು ಅವರ ಹಕ್ಕು. ನಾನು ಸೊಪ್ಪನ್ನು ಹೊಗಳಿದ ಮಾತು ಯಾವುದೋ ಮಗುವಿನ ಕೈಯ ಮೊಟ್ಟೆ ಕಿತ್ತುಕೊಳ್ಳಲು ಬಳಕೆಯಾಗುವುದಾದರೆ ನಾನು ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಅಜ್ಜಿ ತೀರಿಹೋಗಿ ಬಹಳ ವರ್ಷವಾಯಿತು. ಆ ದಿನದ ಮಾತನ್ನು ಅವಳು ಎಂದೂ ಎತ್ತಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ. ಈಗ ನನ್ನ ಮನೆಯಲ್ಲಿ ವಾರಕ್ಕೆ ಐದು ದಿನ ಮುದ್ದೆ. ಸೊಪ್ಪನ್ನು ಮಾರುಕಟ್ಟೆಯಿಂದ ಕಂತೆ ಲೆಕ್ಕದಲ್ಲಿ ತರುತ್ತೇನೆ. ಅಣ್ಣೆ, ಗೋಣಿ ಸೊಪ್ಪನ್ನು ಅಲ್ಲಿ ಯಾರೂ ಮಾರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಎಮ್ಮೆದೊಡ್ಡಿಗೆ ಹೋದಾಗ ದಾರಿ ಬದಿಯ ಹೊಲವೊಂದರ ಅಂಚಿನಲ್ಲಿ ಅಣ್ಣೆ ಸೊಪ್ಪು ಕಂಡು, ಮಗಳಿಗೆ ತೋರಿಸಲೆಂದು ಬಗ್ಗಿ ಕೀಳತೊಡಗಿದೆ. ಹೊಲದಲ್ಲಿದ್ದ ಹೆಂಗಸು ಅಲ್ಲಿಂದಲೇ ಕೈಬೀಸಿ ಕೂಗಿದಳು: "ಬ್ಯಾಡ ಕಣಣ್ಣ, ಬಿಡು. ನಿನ್ನೆ ತಾನೆ ಕಳೆ ಔಷಧಿ ಹೊಡ್ಸಿದೀವಿ." ಮಗಳು ನನ್ನ ಕೈಯ ಸೊಪ್ಪನ್ನು ನೋಡಿದಳು. ಕೆಳಗೆ ಹಾಕಿ, ಬಾಟಲಿಯ ನೀರಿನಲ್ಲಿ ಕೈ ತೊಳೆದುಕೊಂಡೆ.