ಮಣ್ಣಿಗೆ ಹೋಗಿ ಬಂದವರು

ನಮ್ಮ ಕಡೆ ಯಾರಾದರೂ ತೀರಿಕೊಂಡರೆ 'ಅಂತ್ಯಕ್ರಿಯೆಗೆ ಹೋಗಿದ್ದೆ' ಅನ್ನುವುದಿಲ್ಲ, 'ಮಣ್ಣಿಗೆ ಹೋಗಿದ್ದೆ' ಅನ್ನುತ್ತೇವೆ. ನನ್ನೂರು ಇಂಡಿ ತಾಲ್ಲೂಕಿನ ಹೊರ್ತಿ, ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಅಲ್ಲಿ ಲಿಂಗಾಯತರೂ ಹೂಳುತ್ತಾರೆ, ಮುಸ್ಲಿಮರೂ ಹೂಳುತ್ತಾರೆ. ಹಾಗಾಗಿ ಸಾವೆಂದರೆ ಚಿಕ್ಕಂದಿನಿಂದ ನನಗೆ ನೆನಪಾಗುವುದು ಬೆಂಕಿಯಲ್ಲ, ಮಣ್ಣು. 2019ರಲ್ಲಿ ಅಪ್ಪನ ಮಣ್ಣಾಯಿತು. ನಮ್ಮ ಹೊಲದಲ್ಲೇ ಕುಣಿ ತೋಡಿ, ಅವನನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿದರು. ಹೆಣ್ಣುಮಗಳೆಂದು ನನ್ನನ್ನು ತುಸು ದೂರದಲ್ಲೇ ನಿಲ್ಲಿಸಿದ್ದರು. ಅಲ್ಲಿಂದ ಕಾಣುತ್ತಿದ್ದದ್ದು ಮಣ್ಣು ಎಳೆಯುವ ಸಲಿಕೆಗಳು, ಅವುಗಳಾಚೆ ಒಣಗಿ ನಿಂತ ಲಿಂಬೆಗಿಡಗಳು.

ಆ ಗಿಡಗಳ ವಿಷಯ ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥವಾಗುವುದಿಲ್ಲ. ಲಿಂಬೆ ಒಂದು ವರ್ಷದ ಬೆಳೆಯಲ್ಲ. ನೆಟ್ಟು ನಾಲ್ಕೈದು ವರ್ಷ ಮಗುವಿನ ಹಾಗೆ ನೋಡಿಕೊಂಡ ಮೇಲೆ ಕೈಗೆ ಕಾಯಿ ಬರುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಕೊಳವೆಬಾವಿ ಬತ್ತಿತು. ಸುತ್ತಲಿನ ಕೆಲವರು ಗಿಡ ಕಡಿದು ಉರುವಲಿಗೆ ಮಾರಿದರು. ಅಪ್ಪ ಮಾತ್ರ ಸಾಲ ಮಾಡಿ ಟ್ಯಾಂಕರ್ ನೀರು ತರಿಸಿದ. ಗಿಡಕ್ಕೆ ಇಷ್ಟು ಕೊಡ ಎಂದು ಲೆಕ್ಕ ಹಾಕಿ, ಬೆಳಗಿನ ಜಾವ ತಾನೇ ಹೊತ್ತು ಹಾಕುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಗಿಡ ಹೋದವು. ಮಳೆಗಾಲ ಮುಗಿಯುವ ಮೊದಲೇ ಅಪ್ಪನೂ ಹೋದ, ಹೃದಯಾಘಾತ. ಈಗ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ. ಅದನ್ನು ನೋಡಲು ಅವನಿಲ್ಲ. ಅಪ್ಪ ಹೊತ್ತ ಆ ನೀರೆಲ್ಲ ವ್ಯರ್ಥವಾಯಿತೇ? ನಾನು ಧಾರವಾಡಕ್ಕೆ ಬಂದದ್ದು ತತ್ತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡಲು. ಜೊತೆಗೆ ತಂದದ್ದು ಈ ಪ್ರಶ್ನೆಯನ್ನು.

ಕಾಂಟ್ 1781ರ ತನ್ನ ದೊಡ್ಡ ಗ್ರಂಥದಲ್ಲಿ ಮನುಷ್ಯನ ವಿಚಾರಶಕ್ತಿಯ ಆಸಕ್ತಿಯನ್ನೆಲ್ಲ ಮೂರು ಪ್ರಶ್ನೆಗಳಿಗೆ ಇಳಿಸುತ್ತಾನೆ. ನಾನು ಏನನ್ನು ತಿಳಿಯಬಲ್ಲೆ, ಏನು ಮಾಡಬೇಕು, ಏನನ್ನು ಆಶಿಸಬಹುದು? ಮೊದಲೆರಡರ ಮೇಲೆ ನಾವು ಸೆಮಿನಾರ್ ಮಾಡುತ್ತೇವೆ. ಮೂರನೆಯದು ಬಂದಾಗ ಯಾರಾದರೂ ಗಡಿಯಾರ ನೋಡುತ್ತಾರೆ. ನನಗೆ ಮಾತ್ರ ಬೇಕಿದ್ದದ್ದು ಅದೇ ಆಗಿತ್ತು.

ಅದಕ್ಕೊಂದು ಉತ್ತರ ಕೇಳಿಸಿದ್ದು ತರಗತಿಯಲ್ಲಲ್ಲ, ಸ್ಮಶಾನದಲ್ಲಿ. ಹಾಸ್ಟೆಲಿನ ನನ್ನ ರೂಮಿನ ಗೆಳತಿ ಕ್ರೈಸ್ತಳು. ಹೋದ ವರ್ಷ ಈಸ್ಟರ್ ದಿನ ನಸುಕಿನಲ್ಲಿ ಎಬ್ಬಿಸಿ, 'ಅಜ್ಜಿ ಒಬ್ಬಳೇ ಹೋಗಬಾರದು, ಬಾ' ಎಂದಳು. ಅಜ್ಜಿ ಬೆಟಗೇರಿಯಲ್ಲಿ, ಜನ 'ಜರ್ಮನ್ ಆಸ್ಪತ್ರೆ' ಎಂದು ಕರೆಯುವಲ್ಲಿ, ನರ್ಸ್ ಆಗಿದ್ದವರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಕನ್ನಡ ಓದುವ ನಮಗೆ ಅವರಲ್ಲಿ ಹತ್ತಿರದವರು 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್. ಆದರೆ ಅಜ್ಜಿಯ ಮನೆತನದ ನೆನಪು ಶುರುವಾಗುವುದು 1876–78ರ ಧಾತು ಬರದಿಂದ. ನಮ್ಮ ವಿಜಯಪುರ ಆಗಿನ ಕಲಾದಗಿ ಜಿಲ್ಲೆಯಲ್ಲಿತ್ತು, ಆ ಬರ ಊರೂರನ್ನೇ ಬರಿದು ಮಾಡಿತ್ತು. 'ನಮ್ಮ ಮುತ್ತಜ್ಜಿ ಅನಾಥಾಲಯದಾಗ ಉಳದ ಕೂಸು. ನಿಮ್ಮ ಕಡೀಯಾಕೀನs' ಎಂದು ಅಜ್ಜಿ ನಕ್ಕರು.

ಕತ್ತಲಲ್ಲಿ ಗೋರಿಗಳ ನಡುವೆ ಮೇಣದಬತ್ತಿ ಹಿಡಿದು ನೂರಾರು ಜನ. ಅಜ್ಜಿ ಸೆರಗಿನಿಂದ ಗಂಡನ ಗೋರಿಯ ಧೂಳು ಒರೆಸಿ, ನೀರು ಹಾಕಿ ತೊಳೆದರು. ನಾನು ಮೆಲ್ಲಗೆ ಕೇಳಿದೆ: 'ಅವರು ಖರೇನ ಏಳ್ತಾರೇನ್ರಿ?' ಅಜ್ಜಿ ಕೈ ನಿಲ್ಲಿಸಲಿಲ್ಲ. 'ಏಳ್ತಾರಂತ ಅಲ್ಲೇನು ತೊಳಿಯೂದು? ಮಲಗಿದವರ ಹಾಸಗಿ ಹಸನ ಇಡಬೇಕವ್ವಾ.' ಸಿಮೆಟ್ರಿ ಎಂಬ ಪದದ ಗ್ರೀಕ್ ಮೂಲಕ್ಕೆ ಮಲಗುವ ಜಾಗ ಎಂದೇ ಅರ್ಥ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿಯವರೆಗೆ ನನಗೆ ಗೊತ್ತಿದ್ದ ಯೇಸು ಶಿಲುಬೆಯ ಯೇಸು. ಕನ್ನಡದ ಹೆಚ್ಚಿನ ಓದುಗರಿಗೂ ಹಾಗೇ ಇರಬೇಕು. ಮಂಜೇಶ್ವರದ ಗೋವಿಂದ ಪೈ ಬರೆದ 'ಗೊಲ್ಗೊಥಾ' ಯೇಸುವಿನ ಕಡೆಯ ದಿನದ ಕಾವ್ಯ. ಕ್ಯಾಲೆಂಡರಿನಲ್ಲಿ ನಾವು ಗುರುತಿಸುವುದೂ ಗುಡ್ ಫ್ರೈಡೇ ರಜೆಯನ್ನೇ. ಅನ್ಯಾಯಕ್ಕೆ ಬಲಿಯಾದ ಒಳ್ಳೆಯವನ ಕಥೆ ಯಾರನ್ನಾದರೂ ಮುಟ್ಟುತ್ತದೆ, ಅದಕ್ಕೆ ಕ್ರೈಸ್ತರಾಗಬೇಕಿಲ್ಲ. ಆದರೆ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಎಲ್ಲವನ್ನೂ ಪಣಕ್ಕಿಡುವುದು ಮೂರನೆಯ ದಿನದ ಮೇಲೆ. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ನಂಬಿಕೆ ಹುಸಿ, ನಮ್ಮಷ್ಟು ಮರುಕಕ್ಕೆ ಪಾತ್ರರು ಯಾರೂ ಇಲ್ಲ ಎಂಬರ್ಥದ ಮಾತನ್ನು ಅವನೇ ಆಡುತ್ತಾನೆ. ತನ್ನ ನಂಬಿಕೆ ಎಲ್ಲಿ ಮುರಿಯಬಹುದು ಎಂದು ತಾನೇ ತೋರಿಸಿಕೊಡುವವನ ಮಾತನ್ನು ಪೂರ್ತಿ ಕೇಳಬೇಕು ಅನ್ನಿಸಿತು.

ಅಪ್ಪನ ಮಣ್ಣಿಗೆ ಬಂದವರು ನನಗೆ ಹೇಳಿದ ಸಮಾಧಾನಗಳು ಎರಡು. ಆತ್ಮಕ್ಕೆ ಸಾವಿಲ್ಲ, ಹಳೆಯ ಅಂಗಿ ಬಿಟ್ಟು ಹೋಗಿದೆ ಅಷ್ಟೇ. ಇನ್ನೊಂದು, ಅವನು ಲಿಂಗೈಕ್ಯನಾದ, ಬಯಲು ಬಯಲನ್ನು ಕೂಡಿತು. ಎರಡೂ ದೊಡ್ಡ ಮಾತುಗಳೇ. ದೇಹವನ್ನೂ ಕಾಯಕವನ್ನೂ ಕೀಳಾಗಿ ಕಾಣದ ಶರಣರ ನೆಲದಲ್ಲಿ ಹುಟ್ಟಿದವಳು ನಾನು, ಎರಡನೆಯದನ್ನು ಹಗುರವಾಗಿ ತಳ್ಳಲಾರೆ. ಆದರೂ ಆ ಹೊತ್ತಿನಲ್ಲಿ ನನಗೆ ಬೇಕಿದ್ದದ್ದು ಒಡೆದ ಹಿಮ್ಮಡಿಯ, ಕೊಡ ಹೊತ್ತು ಹೆಗಲು ಗಟ್ಟಿಯಾದ ಆ ಮನುಷ್ಯ. ಅವನು ಬದುಕಿದ್ದು ಆ ಮೈಯಲ್ಲಿ. ಅದು ಬರೀ ಅಂಗಿಯಾಗಿದ್ದರೆ ಆ ಅಂಗಿ ಪಟ್ಟ ಪಾಡು ಯಾರ ಲೆಕ್ಕಕ್ಕೆ?

ಪುನರುತ್ಥಾನದ ನಂಬಿಕೆ ಬೇರೆಯಾಗುವುದು ಇಲ್ಲಿ. ಅದು ಆತ್ಮದ ಅಮರತ್ವವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಮೈಯ ಗೌರವವನ್ನು ಹೇಳುತ್ತದೆ. ಸುವಾರ್ತೆಗಳಲ್ಲಿ ಎದ್ದು ಬಂದ ಯೇಸುವಿಗೆ ಗಾಯಗಳು ಹಾಗೇ ಇವೆ, ತೋಮನಿಗೆ ಅವನ್ನು ತೋರಿಸುತ್ತಾನೆ. ದಡದಲ್ಲಿ ಕೆಂಡ ಮಾಡಿ ಶಿಷ್ಯರಿಗೆ ಮೀನು, ರೊಟ್ಟಿ ಕೊಡುತ್ತಾನೆ. ಮಗ್ದಲದ ಮರಿಯಳು ಆತನನ್ನು ಮೊದಲು ಕಂಡಾಗ ತೋಟ ನೋಡಿಕೊಳ್ಳುವವನು ಎಂದುಕೊಳ್ಳುತ್ತಾಳೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋದೆ. ಸಮಾಧಿಯ ಹತ್ತಿರ ಮೊದಲು ಹೋದವರು ಹೆಂಗಸರು. ಹೋದದ್ದು ಪವಾಡ ನೋಡಲಲ್ಲ, ಸತ್ತ ಮೈಗೆ ಸುಗಂಧ ಹಚ್ಚುವ ಕಡೆಯ ಕೆಲಸಕ್ಕೆ. ಬಂದು ಹೇಳಿದರೆ ಗಂಡಸರು ಹುಚ್ಚುಮಾತೆಂದರು. ದೂರ ನಿಲ್ಲಿಸಲ್ಪಟ್ಟವಳಿಗೆ ಇದೆಲ್ಲ ಪರಕೀಯ ಅನ್ನಿಸಲಿಲ್ಲ.

ಇದನ್ನು ಋತುಚಕ್ರದ ರೂಪಕವಾಗಿ ಇಳಿಸಿಬಿಡುವುದು ಸುಲಭ. ಬೀಜ ಮಣ್ಣಿಗೆ ಬೀಳುತ್ತದೆ, ಮೊಳೆಯುತ್ತದೆ, ಚೈತ್ರ ಬರುತ್ತದೆ. ಪೌಲನೂ ಬೀಜದ ಹೋಲಿಕೆ ಕೊಡುತ್ತಾನೆ. ಆದರೆ ಹಿಂಗಾರಿ ಜೋಳ ಬಿತ್ತುವವರ ಮಗಳಿಗೆ ಬಿತ್ತಿದ್ದೆಲ್ಲ ಏಳುವುದಿಲ್ಲ ಎಂದು ಗೊತ್ತು. ಹಸಿ ಸಾಲದಿದ್ದರೆ ಬೀಜ ಮಣ್ಣಲ್ಲೇ ಸುಟ್ಟುಹೋಗುತ್ತದೆ. 'ಮುಂದಿನ ವರ್ಷ ಒಳ್ಳೇದಾಗ್ತದ' ಎಂಬುದು ಆಶಾವಾದ, ಮುಂಗಾರಿನ ಅಂದಾಜಿನ ಹಾಗೆ ತಪ್ಪಬಹುದು. ಆಶೆ ಬೇರೆ. ಅದು ಸೋಲನ್ನು ಮುಚ್ಚಿಡುವುದಿಲ್ಲ. ಶನಿವಾರವಿಡೀ ಸಮಾಧಿಯಲ್ಲಿ ಹೆಣವಿತ್ತು ಎಂಬುದನ್ನು ಒಪ್ಪಿಕೊಂಡೇ ಮಾತಾಡುತ್ತದೆ.

ಜರ್ಮನಿಯ ಯುರ್ಗೆನ್ ಮೋಲ್ಟ್‌ಮನ್ ಈ ವ್ಯತ್ಯಾಸವನ್ನು ಪುಸ್ತಕದಿಂದ ಕಲಿತವನಲ್ಲ. 1943ರಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬು ಸುರಿದಾಗ ಪಕ್ಕದಲ್ಲಿ ನಿಂತಿದ್ದ ಗೆಳೆಯ ಸತ್ತ, ಹದಿಹರೆಯದ ಇವನು ಉಳಿದ. ನಾನೇಕೆ ಉಳಿದೆ ಎಂಬ ಪ್ರಶ್ನೆ ಹೊತ್ತು ಯುದ್ಧಕೈದಿಯಾಗಿ ಸ್ಕಾಟ್ಲೆಂಡಿನ ಶಿಬಿರದಲ್ಲಿದ್ದಾಗ ಕೈಗೆ ಬೈಬಲ್ ಬಂತು. ದೇವರೇ ಕೈಬಿಟ್ಟನೆಂದು ಕೂಗುತ್ತ ಸತ್ತವನಲ್ಲಿ ಅವನಿಗೆ ತನ್ನನ್ನು ಬಲ್ಲವನು ಕಂಡ. 1964ರಲ್ಲಿ ಆಶೆಯ ಬಗ್ಗೆ ಅವನು ಬರೆದ ಗ್ರಂಥದ ಸಾರ ಇಷ್ಟು: ಪುನರುತ್ಥಾನವನ್ನು ನಂಬುವವರು ಇದ್ದ ಲೋಕದ ಜೊತೆ ರಾಜಿಯಾಗಲಾರರು, ಅವರ ಆಶೆ ಅವರನ್ನು ಸುಮ್ಮನೆ ಕೂರಗೊಡುವುದಿಲ್ಲ.

ಹಾಗಿದ್ದರೆ ಆ ನಂಬಿಕೆಯವರೆಲ್ಲ ಲೋಕವನ್ನು ತಿದ್ದಿದರೇ? ತಿರುಚಿರಾಪಳ್ಳಿಯಲ್ಲಿ ಒಂದು ಕ್ರೈಸ್ತ ಸ್ಮಶಾನದ ನಡುವೆ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆ ಎದ್ದಿದೆ. ಎಲ್ಲ ಮೈಗಳೂ ಏಳುತ್ತವೆ ಎನ್ನುವವರು ಮಲಗುವ ಜಾಗದಲ್ಲಿ ಜಾತಿಯ ಗೋಡೆ ಕಟ್ಟಿದ್ದಾರೆ. ನಮ್ಮಲ್ಲೂ ದಲಿತರು ಹೆಣವಿಟ್ಟುಕೊಂಡು ಹೂಳಲು ಜಾಗ ಕೇಳುವ ಸುದ್ದಿ ನಿಂತಿಲ್ಲ. ಸತ್ತ ಮೇಲಿನ ಸುಖದ ಮಾತು ಬದುಕಿರುವವರ ಅನ್ಯಾಯಕ್ಕೆ ಅಫೀಮಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಆ ಗೋಡೆ ತಪ್ಪೆಂದು ಹೇಳಲು ಆ ನಂಬಿಕೆಯೊಳಗೇ ಆಧಾರವಿದೆ. ಮೈ ಅಷ್ಟು ಪವಿತ್ರವಾದರೆ ಯಾವ ಮೈಯನ್ನೂ ಗೋಡೆಯಾಚೆ ಹಾಕುವ ಹಾಗಿಲ್ಲ.

ಪೌಲನ ಆ ದೀರ್ಘ ಅಧ್ಯಾಯ ಮುಗಿಯುವುದು ಸ್ವರ್ಗದ ವರ್ಣನೆಯಲ್ಲಲ್ಲ. ನಿಮ್ಮ ದುಡಿಮೆ ವ್ಯರ್ಥವಲ್ಲ, ಆದ್ದರಿಂದ ಕದಲದೆ ಕೆಲಸ ಮಾಡಿ ಎಂಬ ಅರ್ಥದ ಮಾತಿನಲ್ಲಿ. ಇಷ್ಟೆಲ್ಲ ವಾದ ಮಾಡಿ ಅವನು ಬಂದು ನಿಲ್ಲುವುದು ನಾಳೆ ಬೆಳಗಿನ ಕೆಲಸದ ಹತ್ತಿರ. ಪ್ರೀತಿಯಿಂದ, ಈ ಮೈಯಿಂದ ಮಾಡಿದ್ದು ಕಳೆದುಹೋಗುವುದಿಲ್ಲ, ಫಲ ನೋಡದೆ ಸತ್ತವರದೂ ಲೆಕ್ಕದಲ್ಲಿದೆ. ಅಪ್ಪ ಹೊತ್ತ ನೀರಿನ ಬಗ್ಗೆ ನಾನು ಕೇಳಿದ ಮೊದಲ ನೇರ ಉತ್ತರ ಇದು.

ನಾನು ನಂಬಿದೆನೇ? ಇಲ್ಲ. ಆ ಸಮಾಧಿ ಖಾಲಿಯಾಗಿತ್ತು ಎಂದು ಅಜ್ಜಿ ಹೇಳುವ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಘಟನೆಯನ್ನು ಬಿಟ್ಟು ಆಶೆಯನ್ನಷ್ಟೇ ಎತ್ತಿಕೊಂಡರೆ ಪೌಲ ಒಪ್ಪುತ್ತಿರಲಿಲ್ಲ ಎಂಬುದೂ ಗೊತ್ತು. ಇದನ್ನು ಅಜ್ಜಿಯ ಮುಂದೆ ಹೇಳಿದೆ, ನಿಮ್ಮದನ್ನು ಕದ್ದ ಹಾಗೆ ಅನ್ನಿಸುತ್ತದೆ ಎಂದೆ. 'ಕದಿಬ್ಯಾಡ, ಕಡಾ ತೊಗೋ' ಎಂದರು ಅಜ್ಜಿ, 'ಬಡ್ಡಿ ಏನಿಲ್ಲ.'

ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಚರಗ ಚೆಲ್ಲಿ ಬಂದ ಮೇಲೆ, ಸತ್ತ ಗಿಡಗಳ ಜಾಗಕ್ಕೆ ಹೊಸ ಲಿಂಬೆ ಸಸಿ ಹಚ್ಚಲೋ ಬೇಡವೋ ಎಂದು ತಮ್ಮ ಕೇಳಿದ. ನೀರಿನ ಭರವಸೆ ಈಗಲೂ ಇಲ್ಲ. ಹಚ್ಚು ಎಂದೆ. ಫೆಲೋಶಿಪ್ಪಿನಲ್ಲಿ ಉಳಿಸಿದ್ದನ್ನು ಅವನ ಕೈಗೆ ಕೊಟ್ಟೆ. ಆಮೇಲೆ ಒಬ್ಬಳೇ ಅಪ್ಪನ ಹತ್ತಿರ ಹೋಗಿ, ಈ ಸಲ ಯಾರೂ ತಡೆಯಲಿಲ್ಲ, ಬೆಳೆದಿದ್ದ ಕಸ ಕಿತ್ತು, ಒಂದು ಕೊಡ ನೀರು ಹಾಕಿ ತೊಳೆದು ಬಂದೆ.